ರಫ್ತು ಚೆನ್ನಾಗಿಯೇ ನಡೆಯುತ್ತಿದೆ, ಇನ್ನು ಹೊರದೇಶದಲ್ಲಿ ಕಾರ್ಖಾನೆ ತೆರೆಯಬೇಕೇ?

ಪ್ರಶ್ನೆ: ನಮ್ಮದು ಕೈಗಾರಿಕೆಗಳಿಗೂ ನೀರು ಶುದ್ಧೀಕರಣ ಘಟಕಗಳಿಗೂ ಬೇಕಾಗುವ ವಾಲ್ವ್‌ಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಂಪನಿ. ಹಲವು ವರ್ಷಗಳಿಂದ ಒಂದು ಹೊರದೇಶಕ್ಕೆ ರಫ್ತು ಮಾಡುತ್ತಿದ್ದೇವೆ. ಈಗ ನಮ್ಮ ವಹಿವಾಟಿನ ಮೂರನೇ ಒಂದು ಪಾಲು ಅಲ್ಲಿಂದಲೇ ಬರುತ್ತದೆ. ಅಲ್ಲಿ ನಮ್ಮ ಮಾಲು ಮಾರುವವರು ಒಬ್ಬರೇ ವಿತರಕರು. ಅವರು ಈಗ ಜಂಟಿಯಾಗಿ ಕಾರ್ಖಾನೆ ತೆರೆಯೋಣ ಎನ್ನುತ್ತಿದ್ದಾರೆ. ಜಮೀನು, ಪರವಾನಗಿ, ಮಾರಾಟ ಅವರದು. ಯಂತ್ರ, ವಿನ್ಯಾಸ, ತಂತ್ರಜ್ಞರು ನಮ್ಮವರು. ಶೇ. 51 ಪಾಲು ನಿಮಗೇ ಇರಲಿ ಎಂದಿದ್ದಾರೆ. ಅಲ್ಲಿನ ಸರ್ಕಾರ ಆಮದು ಸುಂಕ ಏರಿಸಲಿದೆ ಎಂಬ ಮಾತೂ ಇದೆ. ಕಂಪನಿಯಲ್ಲಿ ಪಾಲುದಾರನಾದ ನನ್ನ ತಮ್ಮ, ‘ದೊಡ್ಡ ಕಂಪನಿಗಳೆಲ್ಲ ಹೀಗೇ ಬೆಳೆದದ್ದು, ಈಗ ಹೋಗದಿದ್ದರೆ ಮಾರುಕಟ್ಟೆ ಕೈತಪ್ಪುತ್ತದೆ’ ಎನ್ನುತ್ತಾನೆ. ಬ್ಯಾಂಕಿನವರು ಸಾಲ ಕೊಡಲು ಸಿದ್ಧ. ನಮ್ಮ ಕೆಲಸಗಾರರು ಮಾತ್ರ ‘ಅಲ್ಲಿ ಶುರುವಾದರೆ ಇಲ್ಲಿ ಮುಚ್ಚುತ್ತೀರಾ’ ಎಂದು ಕೇಳುತ್ತಿದ್ದಾರೆ. ಸರಿಯಾಗಿ ನಿದ್ದೆ ಬರುತ್ತಿಲ್ಲ. ದಾರಿ ತಿಳಿಸಿ.

ಉತ್ತರ: ನೀವು ಕೇಳಿರುವ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಆ ದೇಶದಲ್ಲಿ ಕಾರ್ಖಾನೆ ಬೇಕೇ ಎಂಬುದು ಒಂದು. ಬೇಕೆಂದರೂ ಈ ವಿತರಕರ ಜೊತೆಗೇ ಆಗಬೇಕೇ ಎಂಬುದು ಇನ್ನೊಂದು. ಅಲ್ಲಿಗೆ ಹೋದರೆ ಇಲ್ಲಿಯವರ ಕೆಲಸಕ್ಕೆ ಕುತ್ತು ಬರುತ್ತದೆಯೇ ಎಂಬುದು ಮೂರನೆಯದು. ಮೂರಕ್ಕೂ ಉತ್ತರ ಬೇರೆ ಬೇರೆ. ಮೂರನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಮಲಗಿದರೆ ಯಾರಿಗೂ ನಿದ್ದೆ ಹತ್ತದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿರುವ ಸ್ಥಿತಿಯಲ್ಲಿ ಆ ಜಂಟಿ ಕಾರ್ಖಾನೆಯ ಒಪ್ಪಂದಕ್ಕೆ ಸಹಿ ಹಾಕಬೇಡಿ. ಹಾಗೆಂದು ಸುಮ್ಮನೆ ಕೂರಲೂ ಬೇಡಿ. ಆ ದೇಶದಲ್ಲಿ ನಿಮಗೆ ಇವತ್ತು ಕೊರತೆಯಿರುವುದು ಎರಕ ಹೊಯ್ಯುವ ಫೌಂಡ್ರಿಯದ್ದಲ್ಲ, ಲೇತ್‌ಗಳದ್ದೂ ಅಲ್ಲ. ನಿಮ್ಮ ವಾಲ್ವ್ ಕೊಂಡು ಪೈಪಿಗೆ ಕೂರಿಸುವವರು ಯಾರು, ಅದು ಕೆಟ್ಟಾಗ ಅವರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದು ನಿಮಗೆ ಗೊತ್ತಿಲ್ಲ. ನಿಮ್ಮ ಪತ್ರದಲ್ಲಿ ಗ್ರಾಹಕರ ಬಗ್ಗೆ ಒಂದು ಸಾಲೂ ಇಲ್ಲದಿರುವುದನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ.

ನಿಮ್ಮ ತಮ್ಮನ ಮಾತನ್ನು ಮೊದಲು ತೆಗೆದುಕೊಳ್ಳೋಣ. ಮೊದಲು ರಫ್ತು, ಆಮೇಲೆ ಮಾರಾಟ ಕಚೇರಿ, ಕೊನೆಗೆ ಕಾರ್ಖಾನೆ ಎಂಬ ಮೆಟ್ಟಿಲಿನ ಲೆಕ್ಕ ಉದ್ಯಮಿಗಳ ಬಾಯಲ್ಲಿ ಬಹಳ ಓಡಾಡುತ್ತದೆ. ಅದಕ್ಕೊಂದು ಮೂಲವಿದೆ. 1970ರ ದಶಕದಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ಸ್ಯಾಂಡ್ವಿಕ್, ಅಟ್ಲಾಸ್ ಕಾಪ್ಕೊ, ಫಾಸಿಟ್, ವೋಲ್ವೊ ಎಂಬ ನಾಲ್ಕು ಸ್ವೀಡಿಷ್ ಕಂಪನಿಗಳು ಹೊರದೇಶಗಳಲ್ಲಿ ಹೇಗೆ ನೆಲೆಯೂರಿದವು ಎಂಬುದನ್ನು ಹಿಂದಿನಿಂದ ಕೆದಕಿ ನೋಡಿದರು. ಮೊದಲು ಏಜೆಂಟ್, ನಂತರ ಸ್ವಂತ ಮಾರಾಟ ಕಂಪನಿ, ಅದಾದ ಮೇಲೆ ತಯಾರಿಕೆ ಎಂಬ ಕ್ರಮ ಅವರಿಗೆ ಕಾಣಿಸಿತು. ಆದರೆ 1977ರಲ್ಲಿ ಅವರಲ್ಲಿನ ಯೋಹಾನ್ಸನ್ ಮತ್ತು ವಾಲ್ನೆ ಇದನ್ನು ಸಿದ್ಧಾಂತವಾಗಿ ಮಂಡಿಸಿದಾಗ ಅವರು ಒತ್ತು ಕೊಟ್ಟದ್ದು ಕಲಿಕೆಗೆ. ಒಂದು ಮಾರುಕಟ್ಟೆಯ ಬಗ್ಗೆ ಕಂಪನಿಗೆ ಎಷ್ಟು ತಿಳಿದಿದೆಯೋ ಅಷ್ಟರ ಮಟ್ಟಿಗೆ ಅದು ಹಣ ತೊಡಗಿಸುತ್ತದೆ. ಹಣ ತೊಡಗಿಸಿದಷ್ಟೂ ಇನ್ನಷ್ಟು ತಿಳಿಯುತ್ತದೆ. ಬಾಯಿಂದ ಬಾಯಿಗೆ ಬರುವಾಗ ಕಲಿಕೆ ಬಿದ್ದುಹೋಗಿ ಮೆಟ್ಟಿಲಷ್ಟೇ ಉಳಿದಿದೆ. ನೀವು ಇಷ್ಟು ವರ್ಷ ರಫ್ತು ಮಾಡಿದ್ದೀರಿ ನಿಜ. ಆದರೆ ಆ ಮಾರುಕಟ್ಟೆಯನ್ನು ಕಲಿತವರು ನಿಮ್ಮ ವಿತರಕರು.

ದೊಡ್ಡ ಕಂಪನಿಗಳ ಕಥೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಟೊಯೋಟಾ 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ತನ್ನದೇ ಮಾರಾಟ ಕಂಪನಿ ತೆರೆಯಿತು. ಮೊದಲು ಕಳಿಸಿದ ಟೊಯೋಪೆಟ್ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗ ತಾಳಲಿಲ್ಲ, ಎಂಜಿನ್ ವಿಪರೀತ ಬಿಸಿಯಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಕಾರಿನ ರಫ್ತನ್ನು ನಿಲ್ಲಿಸಬೇಕಾಯಿತು. ಮಾರಾಟ ಕಂಪನಿಯನ್ನು ಮಾತ್ರ ಮುಚ್ಚಲಿಲ್ಲ. ಅಲ್ಲಿನ ರಸ್ತೆಗೂ ಗ್ರಾಹಕರಿಗೂ ತಕ್ಕ ಕಾರುಗಳು ಆಮೇಲೆ ಬಂದವು. ಅಮೆರಿಕದ ನೆಲದಲ್ಲಿ ಕಾರು ತಯಾರಿಸಲು ಟೊಯೋಟಾ ಕೈಹಾಕಿದ್ದು 1984ರಲ್ಲಿ, ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಮುಚ್ಚಿದ್ದ ಕಾರ್ಖಾನೆಯನ್ನೇ ಆ ಕಂಪನಿಯ ಜೊತೆ ಸೇರಿ ನಡೆಸುವ ಮೂಲಕ. ಕೆಂಟಕಿಯ ಸ್ವಂತ ಕಾರ್ಖಾನೆಯಿಂದ ಕಾರು ಹೊರಬಂದದ್ದು 1988ರಲ್ಲಿ. ಫ್ರೀಮಾಂಟ್‌ಗೆ ಹೋಗುವಾಗ ಟೊಯೋಟಾಗೆ ಗ್ರಾಹಕರು ಆಗಲೇ ಇದ್ದರು. ಅದು ಪಾಲುದಾರರಿಂದ ಕಲಿಯಬಯಸಿದ್ದು ಅಲ್ಲಿನ ಕಾರ್ಮಿಕ ಸಂಘಟನೆಯನ್ನೂ ಬಿಡಿಭಾಗ ಪೂರೈಸುವವರನ್ನೂ ನಿಭಾಯಿಸುವುದನ್ನು. ಗ್ರಾಹಕರನ್ನೇ ಪಾಲುದಾರರಿಂದ ಎರವಲು ಪಡೆಯುವ ನಿಮ್ಮ ಪರಿಸ್ಥಿತಿ ಬೇರೆ.

ಜಪಾನಿನ ಕಂಪನಿಗಳು ಆ ಹೊತ್ತಿನಲ್ಲಿ ಸಾಲಾಗಿ ಹೊರಗೆ ಕಾರ್ಖಾನೆ ಕಟ್ಟಲು ಎರಡು ಒತ್ತಡಗಳಿದ್ದವು. 1981ರಿಂದ ಜಪಾನ್ ‘ಸ್ವಯಂಪ್ರೇರಿತ’ ಮಿತಿಯ ಹೆಸರಿನಲ್ಲಿ ಅಮೆರಿಕಕ್ಕೆ ವರ್ಷಕ್ಕೆ 16.8 ಲಕ್ಷ ಕಾರುಗಳಿಗಿಂತ ಹೆಚ್ಚು ಕಳಿಸುವುದಿಲ್ಲ ಎಂದು ಒಪ್ಪಿಕೊಂಡಿತು. 1985ರ ಸೆಪ್ಟೆಂಬರ್‌ನ ಪ್ಲಾಜಾ ಒಪ್ಪಂದದ (ಡಾಲರಿನ ಬೆಲೆ ಇಳಿಸಲು ಅಮೆರಿಕ, ಜಪಾನ್ ಸೇರಿ ಐದು ದೇಶಗಳು ಮಾಡಿಕೊಂಡದ್ದು) ಮುಂಚೆ ಒಂದು ಡಾಲರಿಗೆ ಸುಮಾರು 240 ಯೆನ್ ಇದ್ದದ್ದು 1987ರ ಕೊನೆಗೆ ಸುಮಾರು 120ಕ್ಕೆ ಇಳಿಯಿತು. ಜಪಾನಿನಲ್ಲಿ ಯೆನ್‌ನಲ್ಲಿ ಖರ್ಚು ಮಾಡಿ ಅಮೆರಿಕದಲ್ಲಿ ಡಾಲರ್ ಗಳಿಸುವವರ ಆದಾಯ ಎರಡೇ ವರ್ಷದಲ್ಲಿ ಅರ್ಧವಾದಂತಾಯಿತು. ಖರ್ಚನ್ನೂ ಡಾಲರ್‌ನಲ್ಲೇ ಮಾಡಲು ಅವರು ಅಲ್ಲಿಗೇ ಹೋದರು. ಕಾರ್ಖಾನೆ ಕಟ್ಟುವುದು ಬೆಳವಣಿಗೆಯ ಸಹಜ ಮುಂದಿನ ಹಂತವಲ್ಲ. ರಫ್ತಿನ ದಾರಿಯಲ್ಲಿ ಎದ್ದ ನಿರ್ದಿಷ್ಟ ಅಡ್ಡಿಯೊಂದಕ್ಕೆ ಉತ್ತರ. ನಿಮ್ಮ ದಾರಿಯಲ್ಲಿ ಅಂಥ ಅಡ್ಡಿ ಯಾವುದಿದೆ? ಸದ್ಯಕ್ಕೆ ಸುಂಕದ ‘ಮಾತು’ ಮಾತ್ರ.

ಇನ್ನೊಂದು ವಿಚಾರವಿದೆ. ಪರದೇಶದಲ್ಲಿ ವ್ಯಾಪಾರ ಮಾಡುವವನು ಆ ಊರಿನವನಿಗಿಂತ ಯಾವತ್ತೂ ಒಂದು ಹೆಜ್ಜೆ ಹಿಂದೆ. ಭಾಷೆ, ಕಾನೂನು, ಅಧಿಕಾರಿಗಳ ರೀತಿ, ಯಾರು ಹಣ ಕೊಡುತ್ತಾರೆ, ಯಾರು ಸತಾಯಿಸುತ್ತಾರೆ ಇವೆಲ್ಲ ಸ್ಥಳೀಯರಿಗೆ ಗೊತ್ತು. ಹಾಗಿದ್ದೂ ಕಂಪನಿಗಳು ಹೊರದೇಶದಲ್ಲಿ ಗೆಲ್ಲುವುದು ಹೇಗೆ ಎಂದು 1960ರಲ್ಲಿ ಅರ್ಥಶಾಸ್ತ್ರಜ್ಞ ಸ್ಟೀಫನ್ ಹೈಮರ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಕೇಳಿದರು. ಆ ಹಿನ್ನಡೆಯನ್ನು ತುಂಬಿ ಮಿಗುವಂಥದ್ದೇನೋ ಕಂಪನಿಯ ಸ್ವತ್ತಾಗಿ ಇರಲೇಬೇಕು ಎಂಬುದು ಅವರ ಉತ್ತರ. ತಂತ್ರಜ್ಞಾನ, ಹೆಸರು, ವಿನ್ಯಾಸ, ಕೆಲಸದ ವಿಧಾನ, ಏನಾದರೂ ಆಗಬಹುದು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾನ್ ಡನ್ನಿಂಗ್ 1970ರ ದಶಕದಲ್ಲಿ ಇದನ್ನು ಮೂರು ಪ್ರಶ್ನೆಗಳಾಗಿ ಬಿಡಿಸಿದರು: ನಿಮ್ಮಲ್ಲಿ ಮಾತ್ರ ಇರುವುದು ಏನು? ಅದನ್ನು ಇಲ್ಲಿಂದ ಕಳಿಸುವುದಕ್ಕಿಂತ ಅಲ್ಲೇ ಮಾಡಿದರೆ ಏನು ಲಾಭ? ಬೇರೆಯವರಿಗೆ ಲೈಸೆನ್ಸ್ ಕೊಡದೆ ನೀವೇ ಯಾಕೆ ಮಾಡಬೇಕು? ನನ್ನ ಮೇಜಿಗೆ ಬರುವ ಪ್ರತಿ ಯೋಜನೆಗೂ ನಾನು ಮೊದಲು ಕೇಳುವುದು ಈ ಮೂರನ್ನೇ. ಮೂರಕ್ಕೂ ಗಟ್ಟಿ ಉತ್ತರವಿದ್ದರೆ ಮಾತ್ರ ಕಾರ್ಖಾನೆಯ ಮಾತು. ಮೊದಲನೆಯದಕ್ಕೆ ಉತ್ತರವಿದ್ದು ಎರಡನೆಯದಕ್ಕೆ ಇಲ್ಲವಾದರೆ ರಫ್ತೇ ಸರಿ.

ನಿಮ್ಮ ವಾಲ್ವ್‌ಗೆ ಇದನ್ನು ಅನ್ವಯಿಸಿ. ತೂಕವೆಲ್ಲ ಎರಕದಲ್ಲಿದೆ, ಕೌಶಲವೆಲ್ಲ ಸೀಟು-ಸೀಲುಗಳ ನಯಗಾರಿಕೆಯಲ್ಲೂ ಒತ್ತಡ ಪರೀಕ್ಷೆಯಲ್ಲೂ ಇದೆ. ಅಲ್ಲಿ ಕಾರ್ಖಾನೆ ತೆರೆದರೆ ಎರಕ ಎಲ್ಲಿಂದ ಬರುತ್ತದೆ? ಅಲ್ಲಿ ಒಳ್ಳೆಯ ಫೌಂಡ್ರಿ ಇದ್ದು, ಅವರ ಎರಕ ನಿಮ್ಮ ಪರೀಕ್ಷೆಯಲ್ಲಿ ಸೋರದೆ ನಿಂತರೆ ಲೆಕ್ಕ ಬೇರೆ. ಇಲ್ಲದಿದ್ದರೆ ಭಾರವಾದ ಎರಕವನ್ನು ಇಲ್ಲಿಂದಲೇ ಹಡಗಿಗೆ ಹಾಕುತ್ತೀರಿ. ಸಾಗಣೆ ವೆಚ್ಚ ಉಳಿಯಲಿಲ್ಲ, ಜೊತೆಗೆ ಎರಡನೇ ಕಾರ್ಖಾನೆಯ ಬಾಡಿಗೆ, ವಿದ್ಯುತ್, ಮ್ಯಾನೇಜರ್ ಸಂಬಳ ಹೆಗಲಿಗೆ ಬಿತ್ತು. ಒಂದು ಕಾರ್ಖಾನೆಯ ಸ್ಥಿರ ವೆಚ್ಚವನ್ನು ಹೊರುವಷ್ಟು ಮಾರಾಟ ಆ ಒಂದು ದೇಶದಲ್ಲೇ ಆಗಬೇಕು. ನಿಮ್ಮ ವಹಿವಾಟಿನ ಮೂರನೇ ಒಂದು ಭಾಗವನ್ನು ಇಲ್ಲಿಂದ ಕಿತ್ತು ಅಲ್ಲಿಗೆ ಹಾಕಿದರೆ ಎರಡು ಕಾರ್ಖಾನೆಗಳೂ ಅರೆಹೊಟ್ಟೆಯಲ್ಲಿ ಓಡುವ ಅಪಾಯವಿದೆ.

ಸುಂಕದ ಭಯಕ್ಕೆ ಬರೋಣ. ಸುಂಕ ತಪ್ಪಿಸಿಕೊಳ್ಳಲು ಕಾರ್ಖಾನೆ ಸ್ಥಳಾಂತರಿಸುವುದು ಹಳೆಯ ದಾರಿ, ಕೆಲವೊಮ್ಮೆ ಸರಿಯಾದ ದಾರಿಯೂ ಹೌದು. ಆದರೆ ಹಾರ್ಲೆ-ಡೇವಿಡ್ಸನ್ ಬೈಕುಗಳಿಗೆ ಆದದ್ದನ್ನು ನೋಡಿ. 2018ರ ಜೂನ್‌ನಲ್ಲಿ ಅಮೆರಿಕದ ಉಕ್ಕು ಸುಂಕಕ್ಕೆ ಪ್ರತಿಯಾಗಿ ಯುರೋಪಿಯನ್ ಒಕ್ಕೂಟ ಅಮೆರಿಕದ ಬೈಕುಗಳ ಮೇಲಿನ ಸುಂಕವನ್ನು ಶೇ. 6ರಿಂದ ಶೇ. 31ಕ್ಕೆ ಏರಿಸಿತು. ಒಂದು ಬೈಕಿಗೆ ಸರಾಸರಿ 2,200 ಡಾಲರ್ ಹೊರೆ ಬೀಳುತ್ತದೆ ಎಂದು ಕಂಪನಿ ಲೆಕ್ಕ ಹಾಕಿತು. ಯುರೋಪಿಗೆ ಹೋಗುವ ಬೈಕುಗಳನ್ನು ಅಮೆರಿಕದ ಹೊರಗೆ ತಯಾರಿಸುವುದಾಗಿ ಪ್ರಕಟಿಸಿ, ಥಾಯ್ಲೆಂಡಿನ ಕಾರ್ಖಾನೆಯಿಂದ ಕಳಿಸತೊಡಗಿತು. 2021ರಲ್ಲಿ ಯುರೋಪಿನ ಅಧಿಕಾರಿಗಳು, ಸುಂಕ ತಪ್ಪಿಸುವುದೇ ಮುಖ್ಯ ಉದ್ದೇಶವಾಗಿರುವ ಸ್ಥಳಾಂತರವನ್ನು ಒಪ್ಪಲಾಗದು, ಆ ಬೈಕುಗಳೂ ಅಮೆರಿಕದವೇ ಎಂದರು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2024ರಲ್ಲಿ ಒಕ್ಕೂಟದ ಉನ್ನತ ನ್ಯಾಯಾಲಯವೂ ಕಂಪನಿಯ ವಾದವನ್ನು ತಳ್ಳಿಹಾಕಿತು. ಇತ್ತ ಆ ಹೆಚ್ಚುವರಿ ಸುಂಕವೇ 2022ರ ಆರಂಭದಿಂದ ಅಮಾನತಿನಲ್ಲಿತ್ತು.

ನೀವು ಕಾರ್ಖಾನೆ ತೆರೆಯಬೇಕೆಂದಿರುವುದು ಮಾಲು ಮಾರುವ ದೇಶದಲ್ಲೇ ಆದ್ದರಿಂದ ಈ ತೊಡಕು ಹೀಗೇ ನಿಮಗೆ ಬಾರದು. ಆದರೆ ಅಲ್ಲಿಂದ ಅಕ್ಕಪಕ್ಕದ ದೇಶಗಳಿಗೂ ಮಾರುವ ಆಸೆಯನ್ನು ವಿತರಕರು ತೋರಿಸಿರಬಹುದು; ಆಗ ವಸ್ತು ಯಾವ ದೇಶದ್ದು ಎಂದು ತೀರ್ಮಾನಿಸುವ ಈ ಮೂಲದೇಶದ ನಿಯಮಗಳು ನೇರವಾಗಿ ತಟ್ಟುತ್ತವೆ. ಇಲ್ಲಿಂದ ಹೋದ ಭಾಗಗಳನ್ನು ಅಲ್ಲಿ ಬರೀ ಜೋಡಿಸಿದ ಮಾತ್ರಕ್ಕೆ ವಾಲ್ವ್ ‘ಆ ದೇಶದ್ದು’ ಆಗಿಬಿಡುವುದಿಲ್ಲ. ಮೆಕ್ಸಿಕೊ, ಕೆನಡಾ, ಅಮೆರಿಕಗಳ ನಡುವಿನ 2020ರ ಒಪ್ಪಂದದಲ್ಲಿ ಕಾರೊಂದು ಸುಂಕವಿಲ್ಲದೆ ಗಡಿ ದಾಟಬೇಕಾದರೆ ಅದರ ಮೌಲ್ಯದ ಶೇ. 75 ಆ ಮೂರು ದೇಶಗಳಲ್ಲೇ ಹುಟ್ಟಿರಬೇಕು. ಇಂಥ ಷರತ್ತು ಒಪ್ಪಂದಕ್ಕೊಂದು, ವಸ್ತುವಿಗೊಂದು. ಜೊತೆಗೆ, ತಯಾರಾದ ವಾಲ್ವ್ ಮೇಲೆ ಸುಂಕ ಏರಿಸುವ ಸರ್ಕಾರ ಎರಕದ ಮೇಲೆ ಎಷ್ಟು ಹಾಕುತ್ತದೆ ಎಂಬುದನ್ನು ನೋಡಬೇಕು. ಸುಂಕ ನಿಜವಾಗಿ ಏರಿದ ಆದೇಶ ಹೊರಬಂದ ದಿನ, ಅಧಿಸೂಚನೆಯಲ್ಲಿ ನಿಮ್ಮ ಸರಕಿನ ಕೋಡ್ ಇದೆಯೇ ಎಂದು ನೋಡಿಕೊಂಡು ಲೆಕ್ಕ ಹಾಕಿ. ಗಾಳಿಮಾತಿನ ಮೇಲೆ ಕಟ್ಟಡ ಕಟ್ಟಬೇಡಿ.

ಈಗ ಶೇ. 51ರ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ, ಏಕೆಂದರೆ ಇದು ಧಾರಾಳತನದಂತೆ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ಪಾಲು ಇದ್ದರೆ ಹಿಡಿತ ನಮ್ಮದೇ ಎಂಬುದು ಬಲವಾಗಿ ಬೇರೂರಿರುವ ತಪ್ಪು ನಂಬಿಕೆ. ಫ್ರಾನ್ಸಿನ ಡಾನೋನ್ 1996ರಲ್ಲಿ ಚೀನಾದ ಪಾನೀಯ ಕಂಪನಿ ವಹಾಹಾ ಜೊತೆ ಜಂಟಿ ಉದ್ಯಮ ಮಾಡಿಕೊಂಡಿತು. ಮುಂದೆ ಶೇ. 51 ಪಾಲು ಡಾನೋನ್ ಕೈಗೇ ಬಂತು. ‘ವಹಾಹಾ’ ಎಂಬ ಟ್ರೇಡ್‌ಮಾರ್ಕ್ ಜಂಟಿ ಕಂಪನಿಯ ಹೆಸರಿಗೆ ವರ್ಗವಾಗಬೇಕೆಂದು ಒಪ್ಪಂದವಾಗಿತ್ತು. ಚೀನಾದ ಟ್ರೇಡ್‌ಮಾರ್ಕ್ ಕಚೇರಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಬದಲಿಗೆ ಬಳಕೆಯ ಪರವಾನಗಿಯೊಂದನ್ನು ಬರೆದುಕೊಂಡರು. ದಿನನಿತ್ಯದ ಆಡಳಿತವೆಲ್ಲ ಚೀನೀ ಪಾಲುದಾರರ ಕೈಯಲ್ಲಿತ್ತು. 2007ರ ಹೊತ್ತಿಗೆ, ಜಂಟಿ ಕಂಪನಿಯ ಹೊರಗೆ ಬೇರೆ ಕಂಪನಿಗಳನ್ನು ತೆರೆದು ಅದೇ ಹೆಸರಿನ ಪಾನೀಯಗಳನ್ನು ಮಾರಲಾಗುತ್ತಿದೆ ಎಂದು ಡಾನೋನ್ ದೂರಿತು. ಹಲವು ದೇಶಗಳಲ್ಲಿ ಮೊಕದ್ದಮೆಗಳು ನಡೆದವು. 2009ರಲ್ಲಿ ಡಾನೋನ್ ತನ್ನ ಶೇ. 51 ಪಾಲನ್ನು ಪಾಲುದಾರರಿಗೇ ಮಾರಿ ಹೊರಬಂತು. ಯಾರದು ಸರಿ ಎಂಬ ತೀರ್ಪು ನನ್ನದಲ್ಲ. ಕಾಗದದ ಮೇಲೆ ಬಹುಮತವಿದ್ದವರ ಕೈಯಲ್ಲಿ ಹೆಸರೂ ಇರಲಿಲ್ಲ, ಅಂಗಡಿಗೆ ಮಾಲು ಮುಟ್ಟಿಸುವ ಜಾಲವೂ ಇರಲಿಲ್ಲ.

ನಿಮ್ಮ ಪ್ರಸ್ತಾಪದಲ್ಲಿ ಜಮೀನು ಅವರದು, ಪರವಾನಗಿ ಅವರದು, ಮಾರಾಟ ಅವರದು. ನಿಮ್ಮದು ಯಂತ್ರ ಮತ್ತು ವಿನ್ಯಾಸ. ಒಮ್ಮೆ ಅಲ್ಲಿ ಕೂರಿಸಿದ ಯಂತ್ರವನ್ನು ಬಿಚ್ಚಿ ತರುವುದು ದುಬಾರಿ. ಒಮ್ಮೆ ಕಲಿಸಿದ ವಿನ್ಯಾಸವನ್ನು ಹಿಂದಕ್ಕೆ ತರುವುದು ಅಸಾಧ್ಯ. ಸಂಬಂಧ ಕೆಟ್ಟ ದಿನ ಅವರು ಕೊಟ್ಟದ್ದೆಲ್ಲ ಅವರ ಬಳಿಯೇ ಇರುತ್ತದೆ, ನೀವು ಕೊಟ್ಟದ್ದೂ ಅವರ ಬಳಿಯೇ ಇರುತ್ತದೆ. ವಿತರಕರು ಕೆಟ್ಟವರು ಎನ್ನುತ್ತಿಲ್ಲ. ಒಳ್ಳೆಯವರೇ ಇರಬಹುದು. ಅವರ ನಂತರ ಮಗನೋ ಅಳಿಯನೋ ಬರಬಹುದು, ಅವರ ವ್ಯವಹಾರವನ್ನು ಇನ್ನೊಬ್ಬರು ಕೊಳ್ಳಬಹುದು. ಒಪ್ಪಂದ ಬರೆಯುವುದು ಆ ದಿನಕ್ಕಾಗಿ.

ನನ್ನ ಸಲಹೆ ಕೇಳಲು ಬಂದ ಕಂಪನಿಯೊಂದರ ಕಾಗದಗಳು ನೆನಪಾಗುತ್ತವೆ. ಜಂಟಿ ಉದ್ಯಮದಲ್ಲಿ ಅವರದೇ ಬಹುಮತ. ಆದರೆ ಬ್ಯಾಂಕ್ ಖಾತೆಗೆ ಸಹಿ ಮಾಡುವ ಅಧಿಕಾರ ಸ್ಥಳೀಯ ಪಾಲುದಾರರ ಮ್ಯಾನೇಜರ್ ಒಬ್ಬರಿಗೇ ಇತ್ತು. ಕಂಪನಿಯ ಅಧಿಕೃತ ಮೊಹರು ಅವರ ಕಪಾಟಿನಲ್ಲಿತ್ತು. ಹಣ ಬೇಕಾದಾಗಲೆಲ್ಲ ಬಹುಮತದವರು ಅಲ್ಪಮತದವರಿಗೆ ಪತ್ರ ಬರೆಯಬೇಕಾಗುತ್ತಿತ್ತು. ಹೀಗಾಗಿ ಜಂಟಿ ಉದ್ಯಮದ ಕರಡಿನಲ್ಲಿ ನಾನು ಪಾಲಿನ ಶೇಕಡಾವಾರನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು: ಖಾತೆಗೆ ಸಹಿ ಯಾರದು, ಜನರಲ್ ಮ್ಯಾನೇಜರನ್ನೂ ಲೆಕ್ಕಾಧಿಕಾರಿಯನ್ನೂ ನೇಮಿಸುವವರು ಯಾರು, ಯಾವ ತೀರ್ಮಾನಗಳಿಗೆ ಇಬ್ಬರ ಒಪ್ಪಿಗೆಯೂ ಬೇಕು, ಪಾಲುದಾರರು ಅದೇ ಮಾಲನ್ನು ಬೇರೆ ಕಂಪನಿಯಲ್ಲಿ ಮಾಡಬಾರದೆಂಬ ಷರತ್ತು ಇದೆಯೇ, ಬೇರೆಯಾಗುವಾಗ ಪಾಲಿಗೆ ಬೆಲೆ ಕಟ್ಟುವ ವಿಧಾನ ಯಾವುದು, ಜಗಳವಾದರೆ ಎಲ್ಲಿ ತೀರ್ಮಾನ. ಕೊನೆಯದಕ್ಕೆ ಮೂರನೇ ದೇಶವೊಂದರಲ್ಲಿ ಮಧ್ಯಸ್ಥಿಕೆ (ನ್ಯಾಯಾಲಯದ ಬದಲು ಇಬ್ಬರೂ ಒಪ್ಪಿದ ಮಧ್ಯಸ್ಥರು ಕೊಡುವ ತೀರ್ಪು) ಎಂದು ಬರೆಸಿ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ 170ಕ್ಕೂ ಹೆಚ್ಚು ದೇಶಗಳು ಸೇರಿರುವುದರಿಂದ ಮಧ್ಯಸ್ಥರ ತೀರ್ಪನ್ನು ಹೊರದೇಶದಲ್ಲಿ ಜಾರಿ ಮಾಡಿಸುವುದು ನಿಮ್ಮೂರಿನ ನ್ಯಾಯಾಲಯದ ತೀರ್ಪನ್ನು ಜಾರಿ ಮಾಡಿಸುವುದಕ್ಕಿಂತ ಸಾಮಾನ್ಯವಾಗಿ ಸುಲಭ.

ಹಾಗಾದರೆ ದಾರಿಗಳು ಯಾವುವು? ನಾನು ಮುಂದಿಡುವ ಮೊದಲ ದಾರಿ, ಆ ದೇಶದಲ್ಲಿ ನಿಮ್ಮದೇ ಒಂದು ಸಣ್ಣ ಮಾರಾಟ ಮತ್ತು ಸರ್ವಿಸ್ ಕಂಪನಿ. ಒಂದು ಗೋದಾಮು, ಒಂದು ಒತ್ತಡ ಪರೀಕ್ಷಾ ಬೆಂಚು, ಹೆಚ್ಚು ಓಡುವ ಅಳತೆಯ ವಾಲ್ವ್‌ಗಳ ದಾಸ್ತಾನು, ಸೀಲು-ಗ್ಯಾಸ್ಕೆಟ್‌ಗಳ ಕಿಟ್, ಇಲ್ಲಿಂದ ಹೋದ ಒಬ್ಬ ಅನುಭವಿ ಫಿಟ್ಟರ್, ಅಲ್ಲಿಯವರೇ ಆದ ಒಬ್ಬ ಎಂಜಿನಿಯರ್. ನಿಮ್ಮ ಕ್ಷೇತ್ರದಲ್ಲಿ ಗ್ರಾಹಕ ಕಳೆದುಹೋಗುವುದು ಬೆಲೆಯಿಂದಲ್ಲ. ನೀರು ಶುದ್ಧೀಕರಣ ಘಟಕದಲ್ಲಿ ಒಂದು ಸೀಲು ಹರಿದು ಪಂಪು ನಿಂತಾಗ ‘ಮಾಲು ಹಡಗಿನಲ್ಲಿದೆ’ ಎಂಬ ಉತ್ತರ ಕೇಳಿದವರು ಮುಂದಿನ ಟೆಂಡರಿನಲ್ಲಿ ನಿಮ್ಮ ಹೆಸರು ಬರೆಯುವುದಿಲ್ಲ. ಮರುದಿನವೇ ಫಿಟ್ಟರ್ ಬಂದು ಕೂರಿಸಿ ಹೋದರೆ ಬರೆಯುತ್ತಾರೆ. ಯಾವ ಅಳತೆ ಓಡುತ್ತದೆ, ಯಾವ ನೀರಿಗೆ ಯಾವ ಸೀಲು ಬೇಗ ಹಾಳಾಗುತ್ತದೆ, ಯಾವ ಗುತ್ತಿಗೆದಾರರು ಹಣ ತಡಮಾಡುತ್ತಾರೆ ಎಂಬುದು ಒಂದೆರಡು ವರ್ಷಗಳಲ್ಲಿ ನಿಮ್ಮ ಪುಸ್ತಕದಲ್ಲಿರುತ್ತದೆ. ಇದೂ ವಿದೇಶಿ ನೇರ ಹೂಡಿಕೆಯೇ. ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಹೊರದೇಶದ ಕಂಪನಿಯಲ್ಲಿ ಶೇ. 10 ಮತದ ಹಕ್ಕು ಇದ್ದರೂ ಅದು ನೇರ ಹೂಡಿಕೆ ಎನಿಸಿಕೊಳ್ಳುತ್ತದೆ, ಕಾರ್ಖಾನೆಯೇ ಆಗಬೇಕೆಂದಿಲ್ಲ.

ಇದರ ಅಪಾಯವನ್ನೂ ಹೇಳಬೇಕು. ವಿತರಕರಿಗೆ ಸಿಟ್ಟು ಬರುತ್ತದೆ. ಅವರ ಜೊತೆಗಿನ ಕರಾರಿನಲ್ಲಿ ಏಕಸ್ವಾಮ್ಯದ ಷರತ್ತಿದ್ದರೆ ನೀವು ನೇರವಾಗಿ ಮಾರುವಂತಿಲ್ಲ. ಕೆಲವು ದೇಶಗಳಲ್ಲಿ ವಿತರಕರನ್ನು ಬಿಡಿಸಿದರೆ ಕಾನೂನೇ ಪರಿಹಾರ ಕೊಡಿಸುತ್ತದೆ. ಅದಕ್ಕಾಗಿ ಅವರನ್ನು ಬಿಡಿಸುವ ಮಾತೇ ಬೇಡ. ಮಾರಾಟ ಅವರದೇ ಇರಲಿ, ಸರ್ವಿಸ್ ಮತ್ತು ಬಿಡಿಭಾಗ ನಮ್ಮದು ಎಂದು ಶುರುಮಾಡಿ. ಬೇಕಾದರೆ ಈ ಸರ್ವಿಸ್ ಕಂಪನಿಯಲ್ಲಿ ಅವರಿಗೆ ಸಣ್ಣ ಪಾಲು ಕೊಡಿ. ಅವರು ನಿಜವಾಗಿಯೂ ವ್ಯಾಪಾರ ಬೆಳೆಸುವ ಮನಸ್ಸಿನವರಾದರೆ ಒಪ್ಪುತ್ತಾರೆ. ಗ್ರಾಹಕರ ಪಟ್ಟಿ ಕೊಡಲು ಒಪ್ಪದವರು ಕಾರ್ಖಾನೆಯಲ್ಲಿ ಪಾಲುದಾರರಾಗಲು ಮಾತ್ರ ತಯಾರಿದ್ದಾರೆ ಎಂದರೆ ನಿಮಗೆ ಬೇಕಾದ ಮಾಹಿತಿ ಅಲ್ಲೇ ಸಿಕ್ಕಿತು.

ಎರಡನೇ ಹಂತದಲ್ಲಿ, ಸುಂಕ ನಿಜವಾಗಿಯೇ ಏರಿದರೆ, ಅದೇ ಗೋದಾಮಿನಲ್ಲಿ ಜೋಡಣೆ ಮತ್ತು ಪರೀಕ್ಷೆ ಶುರುಮಾಡಬಹುದು. ಬಾಡಿಗೆ ಕಟ್ಟಡ, ಹಗುರ ಯಂತ್ರ. ವಿನ್ಯಾಸದ ಗುಟ್ಟಿರುವ ಭಾಗಗಳು ಇಲ್ಲೇ ತಯಾರಾಗಲಿ. ಲೆಕ್ಕ ತಪ್ಪಿದರೆ ಬೀಗ ಹಾಕಿ ವಾಪಸು ಬರಬಹುದು.

ಲೈಸೆನ್ಸ್ ಕೊಟ್ಟು ರಾಯಧನ ಪಡೆಯುವ ದಾರಿಯೂ ಇದೆ. ಹಣ ಹಾಕಬೇಕಾಗಿಲ್ಲ, ಆದರೆ ಪ್ರತಿಸ್ಪರ್ಧಿಯನ್ನು ನೀವೇ ತಯಾರು ಮಾಡಿಕೊಳ್ಳುವ ಸಂಭವವಿದೆ. ಹೊಲಿಗೆ ಯಂತ್ರದ ಸಿಂಗರ್ ಕಂಪನಿ 1855ರಲ್ಲಿ ಫ್ರಾನ್ಸಿನ ಪೇಟೆಂಟ್ ಹಕ್ಕನ್ನು ಅಲ್ಲಿನ ವ್ಯಾಪಾರಿಯೊಬ್ಬರಿಗೆ ಮಾರಿತ್ತು. ಹಣದ ವಿಷಯದಲ್ಲೂ ಬೇರೆ ಯಂತ್ರಗಳನ್ನು ಮಾರುವ ವಿಷಯದಲ್ಲೂ ತಕರಾರೆದ್ದಿತು. ಆಮೇಲೆ ಸಿಂಗರ್ ಹೊರದೇಶಗಳಲ್ಲಿ ತನ್ನದೇ ಮಾರಾಟ ಕಚೇರಿಗಳನ್ನು ತೆರೆಯುತ್ತ ಹೋಗಿ, 1867ರಲ್ಲಿ ಗ್ಲಾಸ್ಗೊದಲ್ಲಿ ತಯಾರಿಕೆ ಆರಂಭಿಸಿತು. ವಾಲ್ವ್ ಉದ್ಯಮದಲ್ಲಿ ಹಳೆಯ ಮಾದರಿಗಳಿಗೆ ಲೈಸೆನ್ಸ್ ಪರವಾಗಿಲ್ಲ, ಹೊಸದಕ್ಕೆ ಬೇಡ.

ಸ್ಥಳೀಯ ಕಂಪನಿಯನ್ನೇ ಕೊಳ್ಳುವುದು ಇನ್ನೊಂದು. ನಿಮ್ಮ ಗಾತ್ರಕ್ಕೆ ನಾನು ಸೂಚಿಸುವುದಿಲ್ಲ. ವಾಲ್‌ಮಾರ್ಟ್‌ನಂಥ ದೈತ್ಯ ಕಂಪನಿ 1997ರಿಂದ ಜರ್ಮನಿಯಲ್ಲಿ ಎರಡು ಅಂಗಡಿ ಸರಪಳಿಗಳನ್ನು ಕೊಂಡು, ಅಲ್ಲಿನ ಗ್ರಾಹಕರ ರೀತಿಯನ್ನೂ ಪ್ರತಿಸ್ಪರ್ಧಿಗಳ ಅಗ್ಗದ ಬೆಲೆಯನ್ನೂ ಅರಗಿಸಿಕೊಳ್ಳಲಾಗದೆ 2006ರಲ್ಲಿ ಸುಮಾರು ಶತಕೋಟಿ ಡಾಲರ್ ನಷ್ಟ ಬರೆದುಕೊಂಡು ಹೊರಬಂತು. ಅವರಿಗೆ ಆ ನಷ್ಟ ತಡೆದುಕೊಳ್ಳುವ ಶಕ್ತಿ ಇತ್ತು.

ಬ್ಯಾಂಕ್ ಸಾಲ ಕೊಡುತ್ತದೆ ಎಂಬುದನ್ನು ಯೋಜನೆ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ ಎಂದು ತಿಳಿಯಬೇಡಿ. ಅಡಮಾನ ಏನು ಎಂದು ಕೇಳಿ. ಬಹುಮಟ್ಟಿಗೆ ಅದು ನಿಮ್ಮ ಇಲ್ಲಿನ ಕಾರ್ಖಾನೆಯೇ ಆಗಿರುತ್ತದೆ. ಅಲ್ಲಿನ ಸಾಹಸ ಮುಳುಗಿದರೆ ಹೋಗುವುದು ಇಲ್ಲಿನದು. ಇಲ್ಲಿನ ಕರೆನ್ಸಿಯಲ್ಲಿ ಸಾಲ ತೆಗೆದು ಅಲ್ಲಿನ ಕರೆನ್ಸಿಯಲ್ಲಿ ಗಳಿಸಿದರೆ ವಿನಿಮಯ ದರದ ಏರಿಳಿತವೆಲ್ಲ ನಿಮ್ಮ ಮೇಲೆ. ಮುಂದಿನ ದಿನಾಂಕದ ವಿನಿಮಯ ದರವನ್ನು ಈಗಲೇ ಗೊತ್ತುಮಾಡಿಕೊಳ್ಳುವ ಫಾರ್ವರ್ಡ್ ಕರಾರಿನಿಂದ ಕೆಲವು ತಿಂಗಳ ರಫ್ತಿನ ಬಿಲ್ಲುಗಳಿಗೆ ರಕ್ಷಣೆ ಸಿಗುತ್ತದೆ, ಹತ್ತು ವರ್ಷದ ಕಾರ್ಖಾನೆಗೆ ಸಿಗುವುದಿಲ್ಲ. ಲಾಭ ಬಂದರೂ ಅದನ್ನು ತರಲು ಬಿಡುತ್ತಾರೆಯೇ ಎಂಬುದು ಇನ್ನೊಂದು ಮಾತು. ವೆನೆಜುವೆಲಾದಲ್ಲಿ ವಿನಿಮಯ ನಿಯಂತ್ರಣದಿಂದಾಗಿ ವಿದೇಶಿ ವಿಮಾನ ಕಂಪನಿಗಳು ಟಿಕೆಟ್ ಮಾರಿ ಗಳಿಸಿದ 300 ಕೋಟಿ ಡಾಲರ್‌ಗೂ ಹೆಚ್ಚು ಹಣ 2014ರ ಹೊತ್ತಿಗೆ ಅಲ್ಲೇ ಸಿಕ್ಕಿಬಿದ್ದಿತ್ತು. ಆ ದೇಶದ ಡಿವಿಡೆಂಡ್ ತೆರಿಗೆ, ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದವಿದೆಯೇ ಎಂಬುದು, ನಿಮ್ಮದೇ ಎರಡು ಕಂಪನಿಗಳ ನಡುವೆ ಭಾಗಗಳಿಗೆ ಹಾಕುವ ಬೆಲೆ ಹೊರಗಿನವರಿಗೆ ಹಾಕುವ ಬೆಲೆಗೆ ಸಮವಾಗಿರಬೇಕೆಂಬ ನಿಯಮ, ಈ ಮೂರನ್ನೂ ತೆರಿಗೆ ಸಲಹೆಗಾರರ ಹತ್ತಿರ ಬರವಣಿಗೆಯಲ್ಲಿ ಪಡೆಯಿರಿ.

ಸರ್ಕಾರಗಳ ನೆರವನ್ನು ಬಹಳಷ್ಟು ಮಧ್ಯಮ ಕಂಪನಿಗಳು ಮರೆತುಬಿಡುತ್ತವೆ. ರಫ್ತುದಾರರು ಹೊರದೇಶದ ಗ್ರಾಹಕರಿಗೆ ಕೊಡುವ ಸಾಲಕ್ಕೆ ಸರ್ಕಾರವೇ ವಿಮೆ ಕೊಡುವ ಪದ್ಧತಿಯನ್ನು ಬ್ರಿಟನ್ 1919ರಲ್ಲಿ ಆರಂಭಿಸಿತು. ಈಗ ವ್ಯಾಪಾರದಲ್ಲಿ ತೊಡಗಿದ ಬಹುತೇಕ ದೇಶಗಳಲ್ಲಿ ಇಂಥ ಸಂಸ್ಥೆಯಿದೆ. ಹೂಡಿಕೆಯನ್ನು ಸರ್ಕಾರ ವಶಪಡಿಸಿಕೊಂಡರೆ ಪರಿಹಾರ ಕೇಳುವ ಹಕ್ಕನ್ನು ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳು ಕೊಡುತ್ತವೆ. ಮೊದಲನೆಯದು 1959ರಲ್ಲಿ ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನದ ನಡುವೆ ಆಯಿತು. ನಿಮ್ಮ ಎರಡು ದೇಶಗಳ ನಡುವೆ ಅಂಥದ್ದು ಜಾರಿಯಲ್ಲಿದೆಯೇ ಎಂದು ನೋಡಿ.

ನಿಮ್ಮ ಕೆಲಸಗಾರರ ಪ್ರಶ್ನೆಗೆ ನಯವಾದ ಮಾತಿನ ಉತ್ತರ ಬೇಡ, ನಿಜವಾದದ್ದು ಬೇಕು. ಹೊರಗೆ ಹೂಡಿದ ಪ್ರತಿ ರೂಪಾಯಿಯೂ ಒಳಗಿನಿಂದ ಕಿತ್ತದ್ದು ಎಂಬ ನಂಬಿಕೆ ಒಟ್ಟಾರೆ ಅಂಕಿಗಳಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಬಹುರಾಷ್ಟ್ರೀಯ ತಯಾರಿಕಾ ಕಂಪನಿಗಳ ಬಗ್ಗೆ 2009ರಲ್ಲಿ ಪ್ರಕಟವಾದ ದೇಸಾಯಿ, ಫೋಲಿ, ಹೈನ್ಸ್ ಅವರ ಅಧ್ಯಯನದಲ್ಲಿ, ಹೊರದೇಶದ ಹೂಡಿಕೆ ಶೇ. 10 ಹೆಚ್ಚಿದ್ದ ಕಡೆ ಸ್ವದೇಶದ ಹೂಡಿಕೆಯೂ ಶೇ. 2.6 ಹೆಚ್ಚಿತ್ತು. ಹೊರಗೆ ಮಾರುಕಟ್ಟೆ ಬೆಳೆದಾಗ ವಿನ್ಯಾಸ, ಮುಖ್ಯ ಭಾಗಗಳು, ಪರೀಕ್ಷೆ ಇವುಗಳ ಕೆಲಸ ಮೂಲ ಕಾರ್ಖಾನೆಯಲ್ಲೇ ಬೆಳೆಯುತ್ತದೆ. ಆದರೆ ಇದು ಸರಾಸರಿಯ ಮಾತು. ಸರಾಸರಿ ಹೆಚ್ಚಿದಾಗಲೂ ಕಾರ್ಖಾನೆಯ ಒಂದು ವಿಭಾಗದವರ ಕೆಲಸ ಹೋಗಬಹುದು. ಮಾರಾಟ-ಸರ್ವಿಸ್ ಕಂಪನಿ ತೆರೆದರೆ ನಿಮ್ಮಲ್ಲಿ ಯಾರ ಕೆಲಸವೂ ಹೋಗುವುದಿಲ್ಲ, ಹೆಚ್ಚುತ್ತದೆ. ಜೋಡಣೆ ಅಲ್ಲಿಗೆ ಹೋದರೆ ಇಲ್ಲಿನ ಜೋಡಣೆ ವಿಭಾಗಕ್ಕೆ ಪೆಟ್ಟು ಬೀಳುತ್ತದೆ; ಅವರನ್ನು ಪರೀಕ್ಷಾ ವಿಭಾಗಕ್ಕೋ ಬಿಡಿಭಾಗದ ಕಿಟ್ ತಯಾರಿಕೆಗೋ ಹಾಕುವ ಯೋಜನೆ ಮೊದಲೇ ಇರಬೇಕು. ಪೂರ್ತಿ ಕಾರ್ಖಾನೆ ಹೋದರೆ ಅವರ ಭಯ ನ್ಯಾಯವಾದದ್ದೇ. ಯಾವ ಹಂತದಲ್ಲಿ ಏನಾಗುತ್ತದೆ ಎಂಬುದನ್ನು ಅವರೆದುರು ಹಾಗೇ ಹೇಳಿ. ಅಲ್ಲಿಗೆ ಹೋಗಿ ಕಲಿಸಬೇಕಾದವರೂ ಅವರೇ. ತನ್ನ ಕೆಲಸ ಹೋಗುತ್ತದೆ ಎಂದು ಹೆದರಿದ ಫಿಟ್ಟರ್ ತನ್ನ ಕೈಚಳಕವನ್ನು ಇನ್ನೊಬ್ಬರಿಗೆ ಪೂರ್ತಿ ಕಲಿಸುವುದಿಲ್ಲ.

ನಿಮ್ಮ ತಮ್ಮನ ಆತುರದಲ್ಲಿ ಒಂದು ನಿಜವೂ ಇದೆ, ಅದನ್ನು ತಳ್ಳಿಹಾಕಬೇಡಿ. ವಹಿವಾಟಿನ ಮೂರನೇ ಒಂದು ಪಾಲು ಒಬ್ಬ ವಿತರಕರ ಕೈಯಲ್ಲಿರುವುದು ಅಪಾಯವೇ. ಪ್ರಸ್ತಾಪ ಒಪ್ಪದಿದ್ದರೆ ಅವರು ನಿಮ್ಮ ಪ್ರತಿಸ್ಪರ್ಧಿಯ ಹತ್ತಿರ ಹೋಗಬಹುದು. ಹೀಗಾಗಿ ‘ಇಲ್ಲ’ ಎಂದು ಪತ್ರ ಬರೆಯಬೇಡಿ. ಮೊದಲು ಒಂದು ವರ್ಷ ಸರ್ವಿಸ್ ಕೇಂದ್ರ ನಡೆಸೋಣ, ಇಷ್ಟು ಮಾರಾಟ ಮುಟ್ಟಿದರೆ, ಇಂಥ ಸುಂಕ ಜಾರಿಗೆ ಬಂದರೆ ಜೋಡಣೆಯ ಮಾತಾಡೋಣ ಎಂದು ಅಂಕಿ ಸಮೇತ ಬರೆಯಿರಿ. ಜೊತೆಗೆ ಇನ್ನೊಂದು ದೇಶದಲ್ಲಿ ಇನ್ನೊಬ್ಬ ವಿತರಕರನ್ನು ಹುಡುಕಲು ಈ ವರ್ಷವೇ ಶುರುಮಾಡಿ, ಮಾತುಕತೆಯಲ್ಲಿ ನಿಮ್ಮ ದನಿ ಗಟ್ಟಿಯಾಗುವುದು ಅದರಿಂದಲೇ.

ಆ ಪತ್ರ ಕಳಿಸುವ ಮುಂಚೆ ಮಾಡಲೇಬೇಕಾದ ಕೆಲಸ ಒಂದಿದೆ. ಟ್ರೇಡ್‌ಮಾರ್ಕ್ ಹಕ್ಕು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿ ನೋಂದಾಯಿಸಿದ್ದು ಅಲ್ಲಿ ತಾನಾಗಿ ನಡೆಯುವುದಿಲ್ಲ. ವಿತರಕರು ‘ನಿಮಗೇಕೆ ತೊಂದರೆ’ ಎಂದು ಬ್ರಾಂಡನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆಯಲ್ಲಿ ನಿಮ್ಮ ಬ್ರಾಂಡ್ ಯಾರ ಹೆಸರಿನಲ್ಲಿದೆ ಎಂದು ಅಲ್ಲಿನ ವಕೀಲರೊಬ್ಬರಿಂದ ಹುಡುಕಿಸಿ. ಯಾರ ಹೆಸರಿನಲ್ಲೂ ಇಲ್ಲದಿದ್ದರೆ ಕೂಡಲೇ ಅರ್ಜಿ ಹಾಕಿ. ಒಂದೇ ಅರ್ಜಿಯಲ್ಲಿ ಹಲವು ದೇಶಗಳಲ್ಲಿ ನೋಂದಣಿ ಕೋರಲು ಬಿಡುವ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿ ಎರಡೂ ದೇಶಗಳಿದ್ದರೆ ಇಲ್ಲಿಂದಲೇ ಹಾಕಬಹುದು. ಅವರ ಹೆಸರಿನಲ್ಲಿದ್ದರೆ ಅದನ್ನು ನಿಮ್ಮ ಹೆಸರಿಗೆ ಬರೆದುಕೊಡುವುದೇ ಮುಂದಿನ ಎಲ್ಲ ಮಾತುಕತೆಗೂ ಮೊದಲ ಷರತ್ತಾಗಲಿ.